ರಷ್ಯನ್ ಭಾಷೆಯ "ನೆಬೊ" ಸಂಸ್ಕೃತದ "ನಭ"ದಿಂದ ಹೋದ ಪದವೇ?

ಅಲ್ಲ. ನಾನೂ ಇದೇ ನಂಬಿಕೆಯಲ್ಲಿ ಎಂ.ಎ. ಪ್ರಬಂಧ ಬರೆದವನು. ಆಗ ಸಂಜೆ ಹೊತ್ತು ರಷ್ಯನ್ ಕಲಿಯುತ್ತಿದ್ದೆ. ಆಕಾಶಕ್ಕೆ ನೆಬೊ ಅಂತಾರೆ ಅಂದ ಕೂಡಲೇ ನಮ್ಮ ನಭೋಮಂಡಲ ನೆನಪಾಯಿತು. ಪೋಲಿಷ್‌ನಲ್ಲಿ ನ್ಯೆಬೊ, ಸರ್ಬಿಯನ್‌ನಲ್ಲಿ ನೆಬೊ, ಜೆಕ್ ಮತ್ತು ಬಲ್ಗೇರಿಯನ್‌ನಲ್ಲಿ ನೆಬೆ. ಎಲ್ಲವೂ ಇಲ್ಲಿಂದಲೇ ಹೋದವು ಅಂತ ಬರೆದುಬಿಟ್ಟೆ. ಪ್ರಬಂಧ ತಿರಸ್ಕಾರವಾಯಿತು, ಅದನ್ನೇ ನಂಬಿಕೊಂಡಿದ್ದ ವಿದ್ಯಾರ್ಥಿವೇತನವೂ ಕೈತಪ್ಪಿತು.

ಎಡವಿದ್ದು ಎಲ್ಲಿ ಗೊತ್ತಾ? ನಿಘಂಟಿನಲ್ಲಿ ಕೊಟ್ಟ ರೂಪವನ್ನಷ್ಟೇ ನೋಡಿದ್ದೆ. ನೆಬೊ ಬಹುವಚನದಲ್ಲಿ ನೆಬೆಸಾ ಆಗುತ್ತದೆ. ಪಠ್ಯಪುಸ್ತಕ ಅದನ್ನು ಅಪವಾದ ಅಂದಿತ್ತು, ನಾನು ಬಾಯಿಪಾಠ ಮಾಡಿ ಸುಮ್ನಾದೆ. ಆ ಸಕಾರ ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ. ಸಂಸ್ಕೃತದಲ್ಲೂ ಮೂಲ ರೂಪ ನಭಸ್, "ಆಕಾಶದಲ್ಲಿ" ಅನ್ನಲು ನಭಸಿ. ಅದೇ ಸಕಾರ! ನನ್ನನ್ನು ಮರುಳು ಮಾಡಿದ್ದ ನಭೋ, ನೆಬೊಗಳ ಕೊನೆಯ ಓಕಾರ ಮಾತ್ರ ಎರಡೂ ಕಡೆ ಆಮೇಲೆ, ಬೇರೆ ಬೇರೆಯಾಗಿ ಹುಟ್ಟಿದ್ದು. ಇನ್ನು ಮೊದಲ ಸ್ವರ ನೋಡಿ. ಇವೆಲ್ಲದರ ಮೂಲ ಭಾಷೆಯಲ್ಲಿದ್ದ ಹ್ರಸ್ವ ಎ, ಒ ಎರಡನ್ನೂ ಸಂಸ್ಕೃತ ಅಕಾರ ಮಾಡಿಕೊಂಡಿತು, ರಷ್ಯನ್, ಪೋಲಿಷ್ ಮುಂತಾದ ಸ್ಲಾವಿಕ್ ಭಾಷೆಗಳು ಎಕಾರ ಉಳಿಸಿಕೊಂಡವು. ಗ್ರೀಕ್‌ನ ನೆಫೊಸ್, ಲ್ಯಾಟಿನ್‌ನ ನೆಬುಲಾ, ಜರ್ಮನ್‌ನ ನೇಬೆಲ್, ಎಲ್ಲದರಲ್ಲೂ ಅದೇ ಸ್ವರ. ನಭದಿಂದ ಹೋಗಿದ್ದರೆ ಆ ಎಕಾರ ಸರಿಯಾಗಿ ಅದೇ ಜಾಗಕ್ಕೆ ಹೇಗೆ ಮರಳಿ ಬಂದೀತು? ನೆಭೊಸ್ ಎಂಬ ಇನ್ನೂ ಹಳೆಯ ಪದವೊಂದಿತ್ತು ಅಂತ ಭಾಷಾವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇವೆಲ್ಲ ಅದರ ಮಕ್ಕಳು.

ಅರ್ಥವೂ ಸೊಗಸಾಗಿದೆ. ನೆಫೊಸ್ ಅಂದರೆ ಮೋಡ, ನೇಬೆಲ್ ಅಂದರೆ ಮಂಜು. ಸ್ಲಾವಿಕ್‌ನಲ್ಲಿ ಮೋಡವೇ ಆಕಾಶವಾಯಿತು. ನಮ್ಮ ಮುಗಿಲಿಗೂ ಮೋಡ, ಆಕಾಶ ಎರಡೂ ಅರ್ಥ ಇದೆ ಅಲ್ವಾ? ರಷ್ಯನ್ನರು ಬಾಯಿಯ ಅಂಗುಳಕ್ಕೆ ನ್ಯೋಬೊ ಅನ್ನುತ್ತಾರೆ, ಅದೂ ಇದೇ ಪದ. ನಿಜ ಹೇಳಬೇಕೆಂದರೆ ಅದೇ ಆಡುಮಾತಿನ ಸಹಜ ರೂಪ, ಆಕಾಶದ ನೆಬೊಗೆ ಚರ್ಚಿನ ಹಳೆಯ ಸ್ಲಾವಿಕ್ ಉಚ್ಚಾರ ಅಂಟಿಕೊಂಡು ನಿಂತಿದೆ.

ಹಾಗಾಗಿ ಯಾವುದರಿಂದ ಯಾವುದು ಅನ್ನುವ ಪ್ರಶ್ನೆಯನ್ನೇ ಬಿಡಿ. ವಾಟ್ಸಾಪ್‌ನಲ್ಲಿ ಓಡಾಡುವ ಸಂಸ್ಕೃತ ಪದದ ಪಕ್ಕ ಪರಭಾಷೆಯ ಪದ ಇಟ್ಟ ಎರಡು ಕಾಲಮ್ಮಿನ ಪಟ್ಟಿಗಳಿಂದ ಕೆಡುಕೇ ಜಾಸ್ತಿ. ನಿಮ್ಮ ಮುಂದಿನ ಪ್ರಶ್ನೆ ಅಗ್ನಿ ಮತ್ತು ರಷ್ಯನ್‌ನ ಒಗೋನ್ (ಬೆಂಕಿ) ಬಗ್ಗೆ ಇರುತ್ತದೆ, ನನ್ನದೂ ಅದೇ ಆಗಿತ್ತು. ಲ್ಯಾಟಿನ್‌ನ ಇಗ್ನಿಸ್, ಲಿಥುವೇನಿಯನ್‌ನ ಉಗ್ನಿಸ್ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಿ.