ಆಲು, ಹಾಲು, ಪಾಲ್

"ಕನ್ನಡ ನಿನಗೆ ಬರುತ್ತಲ್ಲಾ, ಒಂದನೇ ಕ್ಲಾಸಿಗೆ ಅ ಆ ಇ ಈ ಹೇಳಿಕೊಡೋಕೆ ಎರಡು ವರ್ಷ ಡಿ.ಎಲ್.ಇಡಿ ಅನ್ನೋ ಟೀಚರ್ ಟ್ರೈನಿಂಗ್ ಯಾಕೆ? ಅದೂ ನಿಮ್ಮೂರು ಕೇರಳ ಬಾರ್ಡರ್, ಅಲ್ಲಿ ಕನ್ನಡ ಯಾರು ಮಾತಾಡ್ತಾರೆ?" ಅಂತ ಕೇಳಿ ಒಂದು ನಗುವ ಮುಖ ಬೇರೆ ಹಾಕಿದ್ದೀಯ. ಫೋನ್ ಮಾಡಿದ್ದರೆ ಬೈದು ಮುಗಿಸುತ್ತಿದ್ದೆ. ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದೇನೆ, ಓದು.

ಎಚ್.ಡಿ. ಕೋಟೆ ದಾಟಿ ಬಾವಲಿ ಚೆಕ್‌ಪೋಸ್ಟ್ ಕಡೆಗೆ ನಮ್ಮೂರು. ಮೈಸೂರು ಜಿಲ್ಲೆಯೇ ಕಣೇ. ಆಚೆ ವಯನಾಡು. ದೊಡ್ಡಬೈರನಕುಪ್ಪೆಯಲ್ಲಿ ಹೊಳೆ ದಾಟಿದರೆ ಕೇರಳ. ಶುಂಠಿ ಬೆಳೆಯೋಕೆ ಬಂದ ಮಲಯಾಳಿಗಳಿದ್ದಾರೆ, ಹಾಡಿ ಅನ್ನೋ ಆದಿವಾಸಿ ಕೇರಿಗಳಲ್ಲಿ ಜೇನುಕುರುಬರು, ಎರವರು ಇದ್ದಾರೆ, ನಾವಿದ್ದೇವೆ. ಸಂತೆಯಲ್ಲಿ ಎಲ್ಲರೂ ಚೌಕಾಸಿ ಮಾಡೋದು ಕನ್ನಡದಲ್ಲೇ. ಇನ್ನೊಂದು ವಿಷಯ, ನಿಮ್ಮ ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲೂ ನಡೆಯುವ ನಲಿ-ಕಲಿ, ಅಂದರೆ ಆಟ, ಕಾರ್ಡುಗಳಿಂದ ಚಿಕ್ಕ ಮಕ್ಕಳಿಗೆ ಕಲಿಸುವ ಕ್ರಮ, ಹುಟ್ಟಿದ್ದೇ ನಮ್ಮ ತಾಲ್ಲೂಕಲ್ಲಿ, 1995ರಲ್ಲಿ. ಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ಇಲ್ಲಿ ಶುರು ಮಾಡಿದರು. ಅಲ್ಲಿ ನೀನಂದ ಅ ಆ ಇ ಈ ಇಲ್ಲ. ರ, ಗ, ಸ, ದ, ಅ ಇಂದ ಶುರು. ಐದು ಅಕ್ಷರ ಬಂದರೆ ಮಗು ಸರ, ಅರಸ, ಗರಗಸ, ದಸರ ಓದುತ್ತೆ. ವರ್ಣಮಾಲೆ ಪೂರ್ತಿ ಬಾಯಿಪಾಠ ಮಾಡಿದರೂ ಒಂದು ಪದ ಓದೋಕೆ ಬಾರದ ಮಕ್ಕಳನ್ನ ನೋಡಿದ್ದೇನೆ, ಅದಕ್ಕೇ ಈ ಕ್ರಮ ನನಗೆ ಇಷ್ಟ. ನಾನೂ ಹಾಗೇ ಕಲಿತವಳು.

ಪಾಠಯೋಜನೆ ಬರೆಯೋದು, ಡ್ರಾಯಿಂಗ್ ಶೀಟ್ ಕತ್ತರಿಸಿ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮಾಡೋದು, ಅದೆಲ್ಲ ಎಲ್ಲ ಕಡೆ ಇರೋದೇ, ಬಿಡು. ನನ್ನ ನಿದ್ದೆ ಕೆಡಿಸಿರೋದು 'ಹ'.

ನಮ್ಮ ಕಡೆ 'ಹ' ಇಲ್ಲ. ಹಸು ಅಸ, ಹಾಲು ಆಲು, ಮುದ್ದೆಗೆ ಇಟ್ಟು, ಮನೆಗೆ ಅಟ್ಟಿ. ಯಾರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಶುರುವಾಗಿದ್ದು ಎರಡನೇ ಕ್ಲಾಸಿಗೆ ಉಕ್ತಲೇಖನ ಕೊಟ್ಟ ದಿನ. ಅಭ್ಯಾಸ ಪಾಠ, ಹಿಂದಿನ ಬೆಂಚಲ್ಲಿ ನಮ್ಮ ಟ್ರೈನಿಂಗಿನ ಮೇಡಂ ಕೂತಿದ್ದರು. ನಾನು "ಹಕ್ಕಿ ಹಾರಿತು" ಅಂದೆ. ಮುಂದೆ ಕೂತಿದ್ದ ಹುಡುಗ ಸ್ಲೇಟಲ್ಲಿ ದುಂಡಗೆ "ಅಕ್ಕಿ ಆರಿತು" ಅಂತ ಬರೆದು ಎತ್ತಿ ತೋರಿಸಿದ. "ಲೋ, ಅಕ್ಕಿ ಹೇಗೋ ಹಾರುತ್ತೆ?" ಅಂದೆ. "ಆರ್ತದೆ ಮಿಸ್. ಅವ್ವ ನೆಲ್ಲು ಕುಚ್ಚಿ ಒಣಾಕ್ತದಲ್ಲ, ಆಮೇಕೆ ಆರ್ತದೆ" ಅಂದ. ತಪ್ಪು ಎಲ್ಲಿದೆ ಹೇಳು? ವಾಕ್ಯ ಸರಿ, ಅರ್ಥ ಸರಿ, ಕಾಗುಣಿತವೂ ಸರಿ. ಬಳಪ ಹಿಡಿದು ಸುಮ್ನೆ ನಿಂತೆ. ಪಾಠ ಮುಗಿದ ಮೇಲೆ ಮೇಡಂ ಮೆಲ್ಲಗೆ ಹೇಳಿದರು: "ಅವನು ಸರಿಯಾಗೇ ಕೇಳಿಸಿಕೊಂಡ. ನೀನೇ ಅಕ್ಕಿ ಆರಿತು ಅಂದಿದ್ದು."

ಇದು ನನ್ನ ಗೋಳು. ನನಗೇ ಗೊತ್ತಾಗದೆ 'ಹ' ಜಾರಿ ಹೋಗುತ್ತೆ. ಮೈಸೂರು ಸಿಟಿಯಿಂದ ಬರುವ ಸಹಪಾಠಿಗಳು ಆಡಿಕೊಂಡು ನಗುತ್ತಾರೆ, ನಗಲಿ, ಅವರು ಊಟದ ಡಬ್ಬಿಯನ್ನ ಟಿಫನ್ ಬಾಕ್ಸ್ ಅನ್ನದೆ ಒಂದು ದಿನ ಕಳೆದವರಲ್ಲ. ಈಗ ರಾತ್ರಿ ಹಾಸ್ಟೆಲ್ಲಲ್ಲಿ ಅಂಗೈ ಬಾಯಿ ಮುಂದೆ ಹಿಡಿದು ಅಕ್ಕಿ-ಹಕ್ಕಿ, ಆಡು-ಹಾಡು, ಉಳಿ-ಹುಳಿ ಅಂತ ಹೇಳಿಕೊಳ್ಳುತ್ತೇನೆ. ಅಂಗೈಗೆ ಬಿಸಿ ಗಾಳಿ ಬಡಿದರೆ 'ಹ' ಬಂತು ಅಂತ ಲೆಕ್ಕ. ಮಕ್ಕಳಿಗೂ ಅದೇ ಆಟ ಆಡಿಸಿದೆ. ಪರಿಣಾಮ ಏನು ಗೊತ್ತಾ? ಮಾರನೇ ದಿನ ಅರ್ಧ ಕ್ಲಾಸು "ಹಾನೆ", "ಹಕ್ಕ", "ಹಜ್ಜಿ" ಅಂತ ಬರೆದಿತ್ತು!

ಇಷ್ಟರ ಮಧ್ಯೆ ಶುಂಠಿ ಹೊಲದ ಕಡೆಯ ಒಂದು ಹುಡುಗಿ. ಮನೆಯಲ್ಲಿ ಮಲಯಾಳಂ. ಹಾಲಿನ ಚಿತ್ರ ತೋರಿಸಿದರೆ "ಪಾಲ್" ಅಂತಾಳೆ, ಪಕ್ಕದವನು "ಆಲು" ಅಂತಾನೆ, ಕಾರ್ಡಲ್ಲಿ "ಹಾಲು" ಅಂತಿದೆ. ಹತ್ತಕ್ಕೆ ಅವಳು ಪತ್ತ್. ಹಳಗನ್ನಡದಲ್ಲಿ ನಮ್ಮದೂ ಪಾಲೇ, ಪತ್ತೇ, ಪಕ್ಕಿಯೇ. ಆ 'ಪ' ಹೋಗಿ 'ಹ' ಆಯಿತು, ನಮ್ಮ ಕಡೆ ಆ 'ಹ' ಕೂಡ ಉದುರಿತು. ಅಂದರೆ ಒಂದೇ ಚಾಪೆ ಮೇಲೆ ಒಂದೇ ಪದದ ಮೂರು ಕಾಲ ಕೂತು ಜಗಳ ಆಡುತ್ತಿವೆ, ನಾನು ನಡುವಿನದಕ್ಕೆ ಮಾತ್ರ ಸರಿ ಗುರುತು ಹಾಕಬೇಕು. ಹಾಡಿಯ ಮಕ್ಕಳು ಇನ್ನೂ ಬಾಯೇ ಬಿಟ್ಟಿಲ್ಲ. ಅವರ ಮನೆ ಮಾತು ಬೇರೆ, ಅದು ನನಗೆ ಬಾರದು. ಬಾಯಿ ಬಿಡುವಷ್ಟರಲ್ಲಿ ಅಪ್ಪ ಅವ್ವ ಕೊಡಗಿಗೆ ಕಾಫಿ ಕುಯ್ಯೋಕೆ ಹೊರಡುತ್ತಾರೆ, ಮಕ್ಕಳೂ ಹಿಂದೆಯೇ.

ಇದಕ್ಕೆ ಎರಡು ವರ್ಷ ಜಾಸ್ತಿ ಅಂತೀಯಾ?

ಆ "ಅಕ್ಕಿ ಆರಿತು"ಗೆ ಕೊನೆಗೆ ಸರಿ ಗುರುತು ಹಾಕಿದೆ. ಪಕ್ಕದಲ್ಲಿ ಒಂದು ಹಕ್ಕಿ ಬರೆದು ಇದರ ಹೆಸರೂ ಬರಿ ಅಂದೆ. ಅವನು ಅಂಗೈ ಬಾಯಿ ಮುಂದೆ ಹಿಡಿದು ಎರಡು ಸಲ ಊದಿಕೊಂಡು, ಯೋಚನೆ ಮಾಡಿ, "ಗುಬ್ಬಿ" ಅಂತ ಬರೆದ.