ಇಇಜಿ ನಾರ್ಮಲ್ ಬಂದರೂ ಗುಳಿಗೆ ಯಾಕೆ?

ಅಕ್ಕಾ, ಮಗನಿಗೆ ಎರಡು ಸಲ ಫಿಟ್ಸ್ ಬಂತು, ಯಾದಗಿರಿಯಿಂದ ಕಲಬುರಗಿಗೆ ಬಂದು ಇಇಜಿ (ತಲೆಗೆ ತಂತಿ ಅಂಟಿಸಿ ಮೆದುಳಿನ ಕರೆಂಟನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ಮಾಡಿಸಿದೆವು, ನಾರ್ಮಲ್ ಇದೆ, ಆದರೂ ಡಾಕ್ಟರ್ ಗುಳಿಗೆ ಬರೆದರು, ಯಾಕೆ ಅಂತ ಕೇಳಿದ್ದೀರಿ. ನನ್ನ ತಮ್ಮನಿಗೂ ಹೀಗೇ ಆಗಿತ್ತು. ನಿಮ್ಮ ಗಾಬರಿ ನನಗೆ ಗೊತ್ತು.

ಮೆದುಳಿನ ನರಕೋಶಗಳ ಕೆಲಸದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ತಲೆಬುರುಡೆ ದಾಟಿ ಹೊರಗೆ ಬರುವಷ್ಟರಲ್ಲಿ ಅದು ತೀರಾ ಕಮ್ಮಿ, ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವೇ ಹತ್ತು ಭಾಗ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಇದನ್ನು ಮೊದಲ ಸಲ ಮನುಷ್ಯನ ತಲೆಯಿಂದ ದಾಖಲಿಸಿದರು. ಇವತ್ತಿನ ಇಇಜಿಯೂ ಅದೇ ದಾರಿಯದು. ಆದರೆ ಅದು ಹಿಡಿಯೋದು ಪರೀಕ್ಷೆ ನಡೆಯುವ ಅರ್ಧ ತಾಸನ್ನು ಮಾತ್ರ, ಅಲ್ವಾ? ಆಗ ಮೆದುಳು ಶಾಂತವಾಗಿದ್ದರೆ ಗೆರೆಗಳೂ ಸರಿಯಾಗೇ ಬರುತ್ತವೆ. ಆಳದಲ್ಲಿ ನಡೆಯೋದು ಮೇಲೆ ಕಾಣದೆಯೂ ಇರಬಹುದು. ಎಂಆರ್‌ಐ ಬೇರೆ, ಅದು ಮೆದುಳಿನ ರಚನೆ ತೋರಿಸುತ್ತದೆ.

ಹಾಗಾಗಿ ಡಾಕ್ಟರಿಗೆ ರಿಪೋರ್ಟಿಗಿಂತ ಜಾಸ್ತಿ ಬೇಕಾಗೋದು ಕಣ್ಣಾರೆ ನೋಡಿದವರ ಮಾತು. ಎರಡು ಸಲ ಫಿಟ್ಸ್ ಬಂತು ಅಂತ ನೀವು ಹೇಳಿದ್ದರ ಮೇಲೆಯೇ ಗುಳಿಗೆ ಬರೆದಿರಬಹುದು. ಮತ್ತೆ ಬಂದರೆ ಮಗನನ್ನು ಒಂದು ಮಗ್ಗುಲಿಗೆ ಮಲಗಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಡಿ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ, ಅದರಿಂದ ಫಿಟ್ಸ್ ನಿಲ್ಲೋದಿಲ್ಲ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಇನ್ನೊಂದು ಇಇಜಿ ಬರೆದರೆ, ಹಿಂದಿನ ರಾತ್ರಿ ನಿದ್ದೆ ಕಮ್ಮಿ ಮಾಡಿಸಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ನಿದ್ದೆಗೆಟ್ಟಾಗ ಮರೆಯಲ್ಲಿದ್ದದ್ದು ಕಾಣುವ ಸಾಧ್ಯತೆ ಹೆಚ್ಚು. ತಲೆಗೆ ಎಣ್ಣೆ ಹಚ್ಚದೆ, ತೊಳೆದು ಕರೆದುಕೊಂಡು ಹೋಗಿ. ಗುಳಿಗೆ ಮಾತ್ರ ನೀವೇ ನಿಲ್ಲಿಸಬೇಡಿ ಅಕ್ಕಾ.