ಮೂರು ಬಂದಾಗ ಒತ್ತಬಾರದು

ನನ್ನ ಹತ್ತಿರ ಪರೀಕ್ಷೆಗೆ ಬಂದ ಇವರು ಕಲಬುರಗಿ ಗಂಜಿನ ಒಂದು ತೊಗರಿ ಅಡತಿಯಲ್ಲಿ ಲೆಕ್ಕ ಬರೆಯುವವರು. ವಯಸ್ಸು ಐವತ್ತು ದಾಟಿದೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡು ಲಕ್ವಾ ಹೊಡೆದಿತ್ತು. ಎಡಗೈ, ಎಡಗಾಲು ಈಗ ಬಹಳ ಸುಧಾರಿಸಿವೆ. ಮಾತು ಸ್ಪಷ್ಟ. ಮನೆಯಲ್ಲಿ ಜಗಳ ಶುರುವಾದದ್ದು ಅದಕ್ಕೇ.

"ನಡೀತಾರ, ಉಣ್ತಾರ, ಎಲೆಕ್ಷನ್ ಮಾತಾಡ್ತಾರ. ಲೆಕ್ಕಕ್ಕ ಕುಂತ್ರ ಮಾತ್ರ ಅರ್ಧಕ್ಕ ಬಿಡ್ತಾರ. ಬೇಕಂತಲೇ ಮಾಡ್ಲಕತ್ತಾರ್ರಿ ಮೇಡಂ" ಅಂದರು ಹೆಂಡತಿ. ಗಂಡ ತಲೆ ತಗ್ಗಿಸಿ ಕೂತಿದ್ದರು.

ಕಂಪ್ಯೂಟರ್ ಮುಂದೆ ಕೂರಿಸಿದೆವು. ಪರದೆ ಮೇಲೆ 1ರಿಂದ 9ರವರೆಗಿನ ಅಂಕಿಗಳು ಕ್ರಮವಿಲ್ಲದೆ ಒಂದೊಂದಾಗಿ ಬರುತ್ತವೆ. ಪ್ರತಿ ಅಂಕಿಗೂ ಗುಂಡಿ ಒತ್ತಬೇಕು, 3 ಬಂದರೆ ಮಾತ್ರ ಒತ್ತಬಾರದು. ಮನೋವಿಜ್ಞಾನಿ ಇಯಾನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ, ಗಮನ ಬಿಡದೆ ನಿಲ್ಲುತ್ತದಾ ಅಂತ ನೋಡುವ ಪರೀಕ್ಷೆ ಇದು. ಒಟ್ಟು 225 ಅಂಕಿ, ಅದರಲ್ಲಿ 25 ಸಲ 3. ನಾಲ್ಕೂವರೆ ನಿಮಿಷವೂ ಹಿಡಿಯುವುದಿಲ್ಲ. ಬೇಜಾರು ಬರಿಸುವುದೇ ಇದರ ಜಾಣತನ. ಕಷ್ಟದ ಕೆಲಸ ತಾನೇ ನಮ್ಮನ್ನು ಎಚ್ಚರವಾಗಿಡುತ್ತದೆ. ಬೇಸರದ ಕೆಲಸದಲ್ಲಿ ಎಚ್ಚರವನ್ನು ನಾವೇ ಹಿಡಿದುಕೊಳ್ಳಬೇಕು, ಅಲ್ವಾ? ಅದಕ್ಕೆ ಮೆದುಳಿನ ಬಲಭಾಗ ಬಹಳ ಬೇಕು.

ಶುರುವಿನಲ್ಲಿ ಚೆನ್ನಾಗಿಯೇ ಮಾಡಿದರು. ಆಮೇಲೆ 3 ಬಂದಾಗಲೂ ಒತ್ತಿದರು. ಕೆಲವು ಅಂಕಿ ಸುಮ್ನೆ ದಾಟಿಹೋದವು. ಒಮ್ಮೆ ಬೇಗ, ಒಮ್ಮೆ ತಡ, ಕೈಗೆ ಒಂದು ಲಯವೇ ಇರಲಿಲ್ಲ.

"ಅಪ್ಪ ಫೇಲ್ ಆದ್ರೇನ್ರಿ?" ಎಂದ ಮಗ. ಇದರಲ್ಲಿ ಪಾಸು, ಫೇಲು ಇಲ್ಲ. ಆರೋಗ್ಯವಾಗಿರುವವರೂ 3ಕ್ಕೆ ಒತ್ತುತ್ತಾರೆ. ಅದಕ್ಕೇ ಅದೇ ವಯಸ್ಸಿನವರ ಜೊತೆ ಹೋಲಿಸಿ ನೋಡಬೇಕು. ಕನ್ನಡಕ, ನಿದ್ದೆ, ಮನಸ್ಸಿನ ಕುಗ್ಗು, ಎಡಬದಿ ಗಮನಕ್ಕೇ ಬಾರದಿರುವುದು, ಲಕ್ವಾ ನಂತರದ ಸುಸ್ತು, ಇವನ್ನೆಲ್ಲ ನೋಡದೆ ಬರೀ ಅಂಕ ನಂಬಬಾರದು. ಎಲ್ಲ ನೋಡಿದ ಮೇಲೆ ಹೆಂಡತಿಗೆ ಹೇಳಿದೆ: ಇದು ಸೋಮಾರಿತನ ಅಲ್ಲ, ಬುದ್ಧಿಯೂ ಕಮ್ಮಿಯಾಗಿಲ್ಲ, ಬೇಸರದ ಕೆಲಸದಲ್ಲಿ ಗಮನ ಹಿಡಿದಿಡಲು ಆಗುತ್ತಿಲ್ಲ ಅಷ್ಟೇ.

ಸಲಹೆ ಬಹಳ ಇರಲಿಲ್ಲ. ಲೆಕ್ಕವನ್ನು ಬೆಳಿಗ್ಗೆ ತಂಪಿನಲ್ಲಿ, ಸ್ವಲ್ಪ ಸ್ವಲ್ಪ ಬರೆಯಿರಿ. ತಪ್ಪು ಶುರುವಾಗುವ ಮೊದಲೇ ಏಳಿ. ಮಾತಾಡಿಸುವಾಗ ಟಿವಿ ಬಂದ್ ಮಾಡಿ, ಅವರು ನಿಮ್ಮ ಕಡೆ ನೋಡಿದ ಮೇಲೆ ವಿಷಯ ಹೇಳಿ.

ಇನ್ನೊಂದು ಉಪಾಯ ರಾಬರ್ಟ್‌ಸನ್ ತಂಡದ್ದೇ, 1995ರದ್ದು. ಬಲ ಮೆದುಳಿಗೆ ಪೆಟ್ಟಾಗಿ ಎಡಬದಿ ಗಮನ ತಪ್ಪಿದವರು ಕೆಲಸ ಮಾಡುತ್ತಿರುವಾಗ, ಕಲಿಸುವವರು ಆಗಾಗ ಮೇಜು ತಟ್ಟಿ ಎಚ್ಚರಿಸುತ್ತಿದ್ದರು. ಆಮೇಲೆ ರೋಗಿಯೇ ಬಾಯಿಬಿಟ್ಟು ಎಚ್ಚರಿಸಿಕೊಳ್ಳಬೇಕು, ಕೊನೆಗೆ ಮನಸ್ಸಿನಲ್ಲೇ. ನಮ್ಮವರು ಆರಿಸಿಕೊಂಡ ಮಾತು "ಹುಷಾರ್". ಪುಟ ತಿರುವಿದಾಗಲೆಲ್ಲ ಹೇಳಿಕೊಳ್ಳುತ್ತಾರೆ. ಹೆಂಡತಿಯೇ ತಟ್ಟುತ್ತಾ ಹೋದರೆ ಅದು ಮತ್ತೆ ಬೈಗುಳವಾಗುತ್ತದೆ. ಅದಕ್ಕೇ ಬೇಡ ಅಂದೆ.

ಮೊಬೈಲ್ ಆಟ ಆಡಿಸಿದರೆ ಸರಿಹೋಗುತ್ತದಾ ಅಂತ ಮಗ ಕೇಳಿದ. ಆಟದಲ್ಲಿ ಕೈ ಪಳಗುತ್ತದೆ. ಅದರಿಂದ ಲೆಕ್ಕದ ಪುಸ್ತಕವೂ ಸುಧಾರಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ.

ಅವರು ಬಾಯಿ ಬಿಟ್ಟು ಕೇಳಿದ್ದು ಒಂದೇ, ಬೈಕ್ ಯಾವಾಗ ಅಂತ. ಈ ಪರೀಕ್ಷೆಯೊಂದರಿಂದಲೇ ಅದನ್ನು ತೀರ್ಮಾನಿಸಲು ಆಗುವುದಿಲ್ಲ. ಎಡಬದಿ ದೃಷ್ಟಿ ನೋಡಿಸಿ, ನರರೋಗ ವೈದ್ಯರು ಹೂಂ ಅನ್ನುವವರೆಗೆ ಕೀಲಿ ಮಗನ ಹತ್ತಿರವೇ ಇರಲಿ ಎಂದೆ. ಅವರಿಗೆ ಸಿಟ್ಟು ಬಂತು. ಆದರೂ ಒಪ್ಪಿದರು.